ಫೈಬರ್ ಸಂಪರ್ಕದ ಜೊತೆ ಬಂದ ರೂಟರ್: ಕೆಲವು ಮಳೆಗಾಲಗಳ ನಂತರ

ಫೈಬರ್ ಸಂಪರ್ಕ ಹಾಕಿಸಿದಾಗ ಜೊತೆಗೇ ಒಂದು ಡಬ್ಬಿ ಕೊಡುತ್ತಾರಲ್ಲ, ಮೋಡೆಮ್ಮೂ ಅದೇ, ವೈಫೈ ರೂಟರೂ ಅದೇ, ಈ ಬರಹ ಅದರ ಬಗ್ಗೆ. ಕಂಪನಿ ಹೆಸರು ಹಾಕುವುದಿಲ್ಲ. ಯಾರು ಕೊಟ್ಟರೂ ಈ ಡಬ್ಬಿಗಳ ದೀಪ, ಮೆನು, ತಾಪತ್ರಯ ಎಲ್ಲ ಹೆಚ್ಚುಕಮ್ಮಿ ಒಂದೇ. ನಮ್ಮದು ಶಿರಸಿ ಕಡೆಯ ತೋಟದ ಮನೆ. ಚಿರೆಕಲ್ಲಿನ ದಪ್ಪ ಗೋಡೆ, ಜಗುಲಿಯಲ್ಲಿ ರೂಟರ್, ಮಾಳಿಗೆಯ ಕೋಣೆಯಲ್ಲಿ ನನ್ನ ಆಫೀಸು ಕೆಲಸ. ಇಷ್ಟು ಕಾಲ ಬಳಸಿದ ಮೇಲೆ ನನ್ನ ತೀರ್ಪು ಇದು: ಡಬ್ಬಿ ಒಳ್ಳೆಯದೇ. ಆದರೆ ಅದು ಬರುವಾಗ ಇರುವ ಸೆಟ್ಟಿಂಗು ಮೊಬೈಲ್ ಹಿಡಿದು ಎದುರಿಗೇ ಕೂರುವವರಿಗೆ ಮಾತ್ರ ಸರಿ. ಲ್ಯಾಪ್‌ಟಾಪ್ ಇಟ್ಟುಕೊಂಡು ಎರಡು ಗೋಡೆಯಾಚೆ ಕೂರುವವರು ಒಳಹೊಕ್ಕು ಕೆಲವನ್ನು ಬದಲಿಸಲೇಬೇಕು.

ಮೊದಲು ಫೈಬರ್ ಕಡೆಯ ಮಾತು ಮುಗಿಸಿಬಿಡುತ್ತೇನೆ. ಎಲ್‌ಒಎಸ್ (ಫೈಬರಿನ ಸಿಗ್ನಲ್ ಕಡಿದಿದೆ) ಎನ್ನುವ ದೀಪ ಕೆಂಪಗೆ ಮಿನುಗುತ್ತಿದ್ದರೆ ಲ್ಯಾಪ್‌ಟಾಪನ್ನು ಮುಟ್ಟಲೇಬೇಡಿ, ತಪ್ಪು ಅಲ್ಲಿಲ್ಲ. ನಮ್ಮಲ್ಲಿ ಆಷಾಢದ ಗಾಳಿಗೆ ಅಡಿಕೆ ಮರವೋ ದಬ್ಬೆಯೋ ತಂತಿಯ ಮೇಲೆ ಬಿದ್ದಿರುತ್ತದೆ, ಜೋಡಿಸುವವರು ಬರುವವರೆಗೆ ಕಾಯಬೇಕು. ದೀಪ ಕೆಂಪಾಗದೆ ವೇಗ ಮಾತ್ರ ಕುಂಟುತ್ತಿದ್ದರೆ ಬ್ರೌಸರಿನಲ್ಲಿ ತೆರೆಯುವ ರೂಟರಿನ ಸೆಟ್ಟಿಂಗ್ ಪುಟದಲ್ಲಿ ಆಪ್ಟಿಕಲ್ ಪವರ್, ಅಂದರೆ ಫೈಬರಿನಲ್ಲಿ ಬರುವ ಬೆಳಕಿನ ಬಲ, ನೋಡಿ. ಅದರ ಅಳತೆ ಡಿಬಿಎಂ. ಮೈನಸ್ 20 ಡಿಬಿಎಂ ಆಸುಪಾಸು ಇದ್ದರೆ ಚಿಂತೆಯಿಲ್ಲ. ಮೈನಸ್ 27ರ ಹತ್ತಿರ ಹೋಗಿದ್ದರೆ ಎಲ್ಲೋ ತಂತಿ ಮಡಚಿದೆ ಅಥವಾ ಜೋಡಣೆ ಕೆಟ್ಟಿದೆ. ದೂರು ಕೊಡುವಾಗ ಈ ಅಂಕಿ ಹೇಳಿದರೆ 'ಒಮ್ಮೆ ಆಫ್ ಮಾಡಿ ಆನ್ ಮಾಡಿ' ಎನ್ನುವ ಮಾತು ಸ್ವಲ್ಪ ಬೇಗ ಮುಗಿಯುತ್ತದೆ.

ನಿಜವಾದ ಕಾಟ ಇರುವುದು ಡಬ್ಬಿಯಿಂದ ಲ್ಯಾಪ್‌ಟಾಪಿನವರೆಗಿನ ದಾರಿಯಲ್ಲಿ. ಇದನ್ನು ಯಾರೂ ತಮ್ಮದೆಂದು ಒಪ್ಪಿಕೊಳ್ಳುವುದಿಲ್ಲ. 'ಮೊಬೈಲಲ್ಲಿ ಬರ್ತದಲ್ಲ ಸರ್, ಹಂಗಾದ್ರೆ ನಮ್ ಕಡೆ ಎಲ್ಲ ಸರಿ ಇದೆ' ಎಂದು ಸಂಪರ್ಕದವರು. 'ಆಫೀಸಿನಲ್ಲಿ ಕನೆಕ್ಟ್ ಆಗುತ್ತದಲ್ಲ, ಹಾಗಾದರೆ ಲ್ಯಾಪ್‌ಟಾಪ್ ಸರಿ ಇದೆ' ಎಂದು ಆಫೀಸಿನ ಐಟಿಯವರು. ಇಬ್ಬರು ಹೇಳುವುದೂ ಸುಳ್ಳಲ್ಲ!

ನಮ್ಮ ಮನೆಯಲ್ಲಿ ನಡೆದ ಅತ್ಯಂತ ವಿಚಿತ್ರ ಪ್ರಸಂಗ ಚಾನೆಲ್ಲಿನದು. ಅಮೆರಿಕದಲ್ಲಿರುವ ಅಣ್ಣ ರಜೆಗೆ ಬಂದಾಗ ಕೊಟ್ಟುಹೋದ ಲ್ಯಾಪ್‌ಟಾಪ್ ಒಂದಿದೆ. ಚೆನ್ನಾಗಿಯೇ ನಡೆಯುತ್ತಿದ್ದುದು, ಕರೆಂಟು ಹೋಗಿ ಬಂದ ಒಂದು ಬೆಳಿಗ್ಗೆ ವೈಫೈ ಹೆಸರನ್ನೇ ತೋರಿಸಲಿಲ್ಲ. ಪಾಸ್‌ವರ್ಡ್ ತಪ್ಪು ಎಂದೂ ಇಲ್ಲ, ಸಿಗ್ನಲ್ ಕಮ್ಮಿ ಎಂದೂ ಇಲ್ಲ, ಪಟ್ಟಿಯಲ್ಲೇ ಹೆಸರಿಲ್ಲ. ಪಕ್ಕದಲ್ಲಿಟ್ಟ ಮೊಬೈಲಿಗೆ ಪೂರ್ತಿ ಗೆರೆ. ಕಾರಣ ಸಿಕ್ಕಿದ ಮೇಲೆ ಸರಳ ಎನಿಸಿತು. ಈ ಡಬ್ಬಿಯ ವೈಫೈ ಅಲೆಗಳಿಗೆ 2.4 ಮತ್ತು 5 ಗಿಗಾಹರ್ಟ್ಸ್ ಎಂದು ಎರಡು ಪಟ್ಟಿ (ಬ್ಯಾಂಡ್), ಚಾನೆಲ್ ಎಂದರೆ ಪಟ್ಟಿಯೊಳಗಿನ ಅಂಕಿ ಹಾಕಿದ ಹಾದಿ. 2.4 ಗಿಗಾಹರ್ಟ್ಸ್‌ನಲ್ಲಿ ಭಾರತದ ರೂಟರುಗಳು 1ರಿಂದ 13ರವರೆಗಿನ ಚಾನೆಲ್ ಬಳಸಬಹುದು. ಅಮೆರಿಕದ ಮಾರುಕಟ್ಟೆಗೆ ಮಾಡಿದ ಉಪಕರಣಗಳು ಸಾಮಾನ್ಯವಾಗಿ 11ಕ್ಕೇ ನಿಲ್ಲುತ್ತವೆ. ಚಾನೆಲ್ 'ಆಟೋ' ಎಂದಿದ್ದ ರೂಟರ್ ಮತ್ತೆ ಶುರುವಾದಾಗ 13ನ್ನು ಆರಿಸಿಕೊಂಡಿತ್ತು. ಪುಟ ತೆರೆದು ಚಾನೆಲ್ 6 ಎಂದು ಕಟ್ಟಿಹಾಕಿದೆ, ಹೆಸರು ಬಂತು, ಆಮೇಲೆ ಆ ತೊಂದರೆ ಮರಳಿಲ್ಲ. ವಿದೇಶದಿಂದ ಬಂದ ಲ್ಯಾಪ್‌ಟಾಪ್ ಇರುವ ಮನೆಗಳು ನಮ್ಮ ಕಡೆ ಕಮ್ಮಿಯೇನಿಲ್ಲ, ಅದಕ್ಕೇ ಇಷ್ಟು ಉದ್ದ ಬರೆದೆ.

1, 6, 11 ಈ ಮೂರನ್ನೇ ಬಳಸಿ ಎನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಇವು ಒಂದರ ಮೇಲೊಂದು ಬೀಳುವುದಿಲ್ಲ, ಅದಕ್ಕೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಅಕ್ಕಪಕ್ಕದ ಹತ್ತಾರು ರೂಟರು ಕಿರುಚುವಲ್ಲಿ ಅದು ಅಗತ್ಯ. ತೋಟದ ನಡುವಿನ ಮನೆಯಲ್ಲಿ ನೆರೆಯವರ ವೈಫೈ ಕಾಣುವುದೇ ಇಲ್ಲ, ಇಲ್ಲಿ ಮೂರರಲ್ಲಿ ಯಾವುದನ್ನು ಹಾಕಿದರೂ ವ್ಯತ್ಯಾಸವಿಲ್ಲ. ನಮ್ಮ ವೈರಿ ನೆರೆಮನೆಯಲ್ಲ, ಗೋಡೆ.

ಗೋಡೆಯ ಮಾತು ಬಂದರೆ ಎರಡು ಬ್ಯಾಂಡ್‌ಗೆ ಒಂದೇ ಹೆಸರಿಡುವ ಸೌಲಭ್ಯಕ್ಕೆ ಬರಬೇಕು. ಜಾಹೀರಾತಿನಲ್ಲಿ ಇದನ್ನು ಜಾಣತನ ಎಂದು ಮಾರುತ್ತಾರೆ. ಲ್ಯಾಪ್‌ಟಾಪ್ ಜಗುಲಿಯಲ್ಲಿ 5 ಗಿಗಾಹರ್ಟ್ಸ್ ಹಿಡಿಯುತ್ತದೆ, ಅದನ್ನು ಎತ್ತಿಕೊಂಡು ಮಾಳಿಗೆಗೆ ಹೋದರೂ ಬಿಡುವುದಿಲ್ಲ. 5 ಗಿಗಾಹರ್ಟ್ಸ್ ಅಲೆಗೆ ಕಲ್ಲು ದಾಟುವ ಶಕ್ತಿ ಕಮ್ಮಿ. ಉಸಿರು ಹೋಗುವವರೆಗೆ ಅದನ್ನೇ ಹಿಡಿದುಕೊಂಡಿದ್ದು, ಮೀಟಿಂಗ್ ನಡುವೆ ಕೈಬಿಟ್ಟು, ಆಮೇಲೆ 2.4 ಹುಡುಕುತ್ತದೆ. ನಾನು ಎರಡಕ್ಕೂ ಬೇರೆ ಹೆಸರಿಟ್ಟೆ, ಮಾಳಿಗೆಯಲ್ಲಿ 2.4 ಮಾತ್ರ. ಚಾನೆಲ್ಲಿನ ಅಗಲ 20 ಮೆಗಾಹರ್ಟ್ಸ್. ಎರಡು ಆಂಟೆನಾದ ಲ್ಯಾಪ್‌ಟಾಪಿಗೆ ವೈಫೈ 4 (ವೈಫೈಯ ಒಂದು ಹಳೆಯ ತಲೆಮಾರು) ಲೆಕ್ಕದಲ್ಲಿ ರೂಟರಿನ ಜೊತೆಗಿನ ಲಿಂಕ್ ವೇಗ ಹೆಚ್ಚೆಂದರೆ 144 ಎಂಬಿಪಿಎಸ್, ಕೈಗೆ ಸಿಗುವುದು ಅದರ ಅರ್ಧವೋ ಇನ್ನೂ ಕಮ್ಮಿಯೋ. ವಿಡಿಯೋ ಕಾಲ್‌ಗೆ ಧಾರಾಳ ಸಾಕು. ದೊಡ್ಡ ಫೈಲು ಇಳಿಸುವುದಿದ್ದರೆ ಜಗುಲಿಗೆ ಇಳಿಯುತ್ತೇನೆ.

ಇನ್ನೊಂದು ಕಾಟಕ್ಕೆ ರೂಟರು ಸುಮ್ಮನೆ ಬೈಸಿಕೊಂಡಿತು. ಹೊರಗಿನ ಹಾರ್ಡ್ ಡಿಸ್ಕ್ ಸಿಕ್ಕಿಸಿ ಫೋಟೋ ಕಾಪಿಗೆ ಹಾಕಿದರೆ ಸಾಕು, ವೈಫೈ ಗೆರೆ ಪೂರ್ತಿ ಇದ್ದೂ ಪುಟ ತೆರೆಯುವುದಿಲ್ಲ, ವೈರ್‌ಲೆಸ್ ಮೌಸ್ ಕೂಡ ತಡವರಿಸುತ್ತದೆ. ಯುಎಸ್‌ಬಿ 3.0 ಕೇಬಲ್ಲು, ಕನೆಕ್ಟರುಗಳಿಂದ ಹೊಮ್ಮುವ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಯ ಮೇಲೇ ಬೀಳುತ್ತದೆ. ಇಂಟೆಲ್ 2012ರಲ್ಲೇ ಈ ಬಗ್ಗೆ ಅಳತೆ ಸಮೇತ ಒಂದು ತಾಂತ್ರಿಕ ಟಿಪ್ಪಣಿ ಹೊರಡಿಸಿತ್ತು. ಡಿಸ್ಕನ್ನು ಉದ್ದ ಕೇಬಲ್ ಹಾಕಿ ದೂರ ಇಟ್ಟರೆ, ಆಚೆ ಬದಿಯ ಪೋರ್ಟಿಗೆ ಹಾಕಿದರೆ, ಇಲ್ಲವೇ ಅಷ್ಟು ಹೊತ್ತು 5 ಗಿಗಾಹರ್ಟ್ಸ್‌ಗೆ ಹೋದರೆ ಸರಿಹೋಗುತ್ತದೆ. ಡಾಂಗಲ್, ಹಬ್ ಎಂದು ಸುತ್ತಲೂ ನೇತುಹಾಕಿಕೊಂಡವರು ಹೊಸ ರೂಟರ್ ಕೊಳ್ಳುವ ಮೊದಲು ಎಲ್ಲ ಕಿತ್ತು ಒಮ್ಮೆ ನೋಡಿ.

ವಿಂಡೋಸ್ ಕಡೆಯದು ಚುಟುಕಾಗಿ. ಸ್ವಲ್ಪ ಹೊತ್ತು ಬಿಟ್ಟು ಬಂದರೆ ಸಂಪರ್ಕ ಕಡಿದಿರುತ್ತದೆ ಎನ್ನುವವರು ಡಿವೈಸ್ ಮ್ಯಾನೇಜರಿನಲ್ಲಿ ವೈಫೈ ಅಡಾಪ್ಟರಿನ ಪವರ್ ಮ್ಯಾನೇಜ್‌ಮೆಂಟ್ ಪುಟ ತೆರೆದು, ವಿದ್ಯುತ್ ಉಳಿಸಲು ಅದನ್ನು ಆರಿಸಬಹುದು ಎನ್ನುವ ಟಿಕ್ ತೆಗೆಯಿರಿ. ಕೆಲವು ಲ್ಯಾಪ್‌ಟಾಪಿನಲ್ಲಿ ಆ ಪುಟವೇ ಇರುವುದಿಲ್ಲ. ಐಪಿ ವಿಳಾಸ 169.254 ಎಂದು ಶುರುವಾಗಿದ್ದರೆ ರೂಟರು ವಿಳಾಸ ಕೊಟ್ಟೇ ಇಲ್ಲ ಎಂದರ್ಥ, ಆಗ ನೆಟ್‌ವರ್ಕ್ ಮರೆತು ಮತ್ತೆ ಸೇರಿಸಿ. ವಿಳಾಸ ಸರಿಯಿದ್ದೂ 'ನೋ ಇಂಟರ್ನೆಟ್' ಎನ್ನುತ್ತಿದ್ದರೆ ಆಫೀಸಿನ ಜಾಲಕ್ಕೆ ಸೇರಿಸುವ ವಿಪಿಎನ್ ಬಿಟ್ಟು ನೋಡಿ, ಡಿಎನ್‌ಎಸ್ (ಜಾಲತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ ಸೇವೆ) ಜಾಗದಲ್ಲಿ 8.8.8.8 ಹಾಕಿ ನೋಡಿ. 'ನೆಟ್‌ವರ್ಕ್ ರೀಸೆಟ್' ಗುಂಡಿಯನ್ನು ಮಾತ್ರ ಕೊನೆಗಿಡಿ. ಅದು ಅಡಾಪ್ಟರುಗಳನ್ನು ಕಿತ್ತು ಹೊಸದಾಗಿ ಹಾಕುತ್ತದೆ, ಆಫೀಸಿನ ವಿಪಿಎನ್ ಕೆಟ್ಟರೆ ಐಟಿಯವರ ಕಾಲು ಹಿಡಿಯಬೇಕಾಗುತ್ತದೆ.

ವೇಗದ ಬಗ್ಗೆ ಅನುಮಾನ ಬಂದಾಗ ನಾನು ನಂಬುವ ಪರೀಕ್ಷೆ ಒಂದೇ: ರೂಟರಿಗೆ ಲ್ಯಾನ್ ಕೇಬಲ್ ಹಾಕಿ ಲ್ಯಾಪ್‌ಟಾಪಿಗೆ ಸಿಕ್ಕಿಸುವುದು. ತಂತಿಯಲ್ಲಿ ಸರಿ, ಗಾಳಿಯಲ್ಲಿ ತಪ್ಪು ಎಂದಾದರೆ ಕಂಪನಿಗೆ ಫೋನ್ ಮಾಡಿ ಪ್ರಯೋಜನವಿಲ್ಲ. ಮಾಳಿಗೆಗೆ ಒಂದು ಕೇಬಲ್ ಎಳೆಯುವುದು ರಿಪೀಟರ್ ಕೊಳ್ಳುವುದಕ್ಕಿಂತ ಎಷ್ಟೋ ಮೇಲು. ರಿಪೀಟರು ತಾನು ಕೇಳಿದ್ದನ್ನೇ ಅದೇ ಚಾನೆಲ್ಲಿನಲ್ಲಿ ಮತ್ತೊಮ್ಮೆ ಹೇಳುವುದರಿಂದ ವೇಗ ಅರ್ಧಕ್ಕಿಳಿಯುತ್ತದೆ. ಆದರೆ ತಾಮ್ರದ ತಂತಿ ಎಂದ ಮೇಲೆ ಸಿಡಿಲಿನ ಭಯ ಇದ್ದೇ ಇದೆ. ಗುಡುಗು ಶುರುವಾಗುವ ಮೊದಲೇ ರೂಟರಿನ ಅಡಾಪ್ಟರ್ ಕಿತ್ತಿಡುವುದು ನಮ್ಮ ಮನೆಯಲ್ಲಿ ಅಮ್ಮನ ಖಾತೆ, ಈಗ ಲ್ಯಾನ್ ಕೇಬಲ್ಲೂ ಅವರ ಖಾತೆಗೇ ಸೇರಿದೆ.

ರೂಟರಿಗೆಂದೇ ಸಿಗುವ 12 ವೋಲ್ಟಿನ ಸಣ್ಣ ಯುಪಿಎಸ್ ತಪ್ಪದೆ ತೆಗೆದುಕೊಳ್ಳಿ, ನಿಮ್ಮ ಅಡಾಪ್ಟರಿನ ಮೇಲಿನ ವೋಲ್ಟ್, ಆಂಪಿಯರ್ ನೋಡಿಕೊಂಡು. ಕರೆಂಟು ಪದೇಪದೇ ಹೋಗುವಲ್ಲಿ ಡಬ್ಬಿ ಮತ್ತೆಮತ್ತೆ ಶುರುವಾಗುವುದೇ ಅರ್ಧ ತೊಂದರೆಯ ಮೂಲ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಒಂದು ಅಂಕ ಆ ಆಟೋ ಚಾನೆಲ್ಲಿಗೆ ಹೋಯಿತು, ಅರ್ಧ ಅಂಕ ಸೆಟ್ಟಿಂಗ್ ಪುಟದ ಪಾಸ್‌ವರ್ಡ್ ಕೇಳಿದರೆ ಕೊಡಲು ಮೀನಮೇಷ ಎಣಿಸಿದ್ದಕ್ಕೆ. ಸಂಪರ್ಕ ಹಾಕುವ ದಿನವೇ ಅದನ್ನು ಬರೆಸಿಕೊಳ್ಳಿ. ಡಬ್ಬಿ ಕಂಪನಿಯದೇ ಆಗಿದ್ದರೆ ಸಂಪರ್ಕ ಬಿಡುವಾಗ ಅಡಾಪ್ಟರ್ ಸಮೇತ ವಾಪಸು ಕೇಳುತ್ತಾರೆ, ಹಿಂದಿನ ಸಣ್ಣ ತೂತಿನ ಗುಂಡಿ ಒತ್ತಿ ರೀಸೆಟ್ ಮಾಡಿ ಕೊಡಿ, ರಸೀದಿ ತೆಗೆದುಕೊಳ್ಳಿ.