ಅಗ್ಗದ ವೈರು, ತಾಮ್ರದ ವೈರು ಮತ್ತು ಒಂದು ಕೋರೆಹಲ್ಲು

ಹೋದ ವರ್ಷ ಕ್ಲಿನಿಕ್ಕಿಗೆ ಸಾಮಾನು ತರಿಸುವಾಗ ಜಿಪುಣತನ ಮಾಡಿದೆ. ಹಲ್ಲಿನ ಕ್ಲಿಪ್ಪಿಗೆ ಮೊದಲು ಹಾಕುವ 0.014 ಇಂಚಿನ ನಿಕಲ್-ಟೈಟಾನಿಯಂ ವೈರು, ಮಾಮೂಲಿ ನಮೂನೆಯದ್ದು, ಡಬ್ಬಿಗಟ್ಟಲೆ ಕೊಂಡೆ. ಅದಕ್ಕೆ ಮುಂಚೆ ಬಳಸುತ್ತಿದ್ದದ್ದು ತಾಮ್ರ ಬೆರೆಸಿದ 35 ಡಿಗ್ರಿಯದ್ದು, ಅಂದರೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಕಾವು ತಾಗಿದಾಗ ತನ್ನ ಆಕಾರಕ್ಕೆ ಮರಳುವಂಥದ್ದು. ಅದರ ಒಂದು ವೈರಿನ ದುಡ್ಡಿಗೆ ಇವು ನಾಲ್ಕು ಬಂದವು. ಈಗ ತೆಪ್ಪಗೆ ತಾಮ್ರಕ್ಕೇ ವಾಪಸ್ ಬಂದಿದ್ದೇನೆ.

ತಕರಾರು ಶುರುವಾಗಿದ್ದು ಒಬ್ಬ ಪಿಯುಸಿ ಹುಡುಗಿಯ ಕೋರೆಹಲ್ಲಿನಿಂದ. ಹಲ್ಲು ಸಾಲು ಬಿಟ್ಟು ಒಸಡಿನ ಹತ್ತಿರ ಮೇಲೆ ಕೂತಿತ್ತು. ಹೊಸ ವೈರನ್ನು ಅಲ್ಲಿಯವರೆಗೆ ಎಳೆದು ಬ್ರಾಕೆಟ್ಟಿಗೆ (ವೈರು ಹಿಡಿಯಲು ಹಲ್ಲಿಗೆ ಅಂಟಿಸುವ ಪುಟ್ಟ ತುಂಡು) ಕಟ್ಟಿ ಕೈ ತೆಗೆದೆ, ಟಪ್ ಅಂತ ಬ್ರಾಕೆಟ್ಟೇ ಕಿತ್ತು ಬಂತು. ಮತ್ತೆ ಅಂಟಿಸಿ ಕಟ್ಟಿದೆ. ಮೂರನೇ ದಿನ ಅವಳಮ್ಮ ಅದನ್ನು ಪೇಪರಿನಲ್ಲಿ ಸುತ್ತಿಕೊಂಡು ಬಂದರು. "ಚಕ್ಕುಲಿ ಕಡಿದಳು ಅನ್ಸುತ್ತೆ ಡಾಕ್ಟ್ರೇ" ಅಂದರು. ಪಾಪ, ಚಕ್ಕುಲಿಗೆ ಸುಮ್ನೆ ಕೆಟ್ಟ ಹೆಸರು.

ಈ ಅಗ್ಗದ ವೈರು ಬಗ್ಗುವಾಗ ಜಾಸ್ತಿ ಬಲ ಕೇಳುತ್ತದೆ. ತಿರುಗಿ ನೆಟ್ಟಗಾಗುವಾಗ ಹಲ್ಲಿಗೆ ಕೊಡುವುದು ಅದಕ್ಕಿಂತ ಎಷ್ಟೋ ಕಡಿಮೆ. ಕಟ್ಟುವಾಗಿನ ಆ ಜಾಸ್ತಿ ಬಲವನ್ನೆಲ್ಲ ಬ್ರಾಕೆಟ್ಟಿನ ಅಂಟೇ ತಡೆದುಕೊಳ್ಳಬೇಕು. 1990ರ ದಶಕದಲ್ಲಿ ಬಂದ ತಾಮ್ರದ ವೈರು ಗೆದ್ದಿದ್ದು ಇಲ್ಲೇ. ಸ್ವಲ್ಪ ತಾಮ್ರ ಸೇರಿದ್ದಕ್ಕೆ ಕೊಡುವ ಬಲಕ್ಕೂ ಕೇಳುವ ಬಲಕ್ಕೂ ನಡುವಿನ ಅಂತರ ತಗ್ಗಿತು. (1970ರ ದಶಕದಲ್ಲಿ ಅಮೆರಿಕದ ಅಯೋವಾದ ದಂತವೈದ್ಯ ಆಂಡ್ರಿಯಾಸೆನ್ ನಿಕಲ್-ಟೈಟಾನಿಯಂ ಅನ್ನು ಮೊದಲು ಹಲ್ಲಿಗೆ ತಂದಾಗ ಮಾರುಕಟ್ಟೆಗೆ ಬಂದ ವೈರು ಬರೀ ಒಳ್ಳೆ ಸ್ಪ್ರಿಂಗ್ ಅಷ್ಟೆ. ಆಕಾರ ನೆನಪಿಡುವ ಗುಣ ಬಾಯೊಳಗೆ ಕೆಲಸಕ್ಕೆ ಬರುತ್ತಿರಲಿಲ್ಲ.)

ನಂಬಿಕೆ ಬರಲಿ ಅಂತ ಎರಡನ್ನೂ ಐಸ್ ನೀರಿನ ಲೋಟಕ್ಕೆ ಹಾಕಿದೆ. ತಾಮ್ರದ್ದು ಶಾವಿಗೆಯಂತೆ ಮೆತ್ತಗಾಯಿತು, ಬೆರಳಿಗೆ ಸುತ್ತಿದರೆ ಸುತ್ತಿದ ಹಾಗೇ ನಿಂತಿತು. ಬಿಸಿ ನೀರು ಹುಯ್ದೆ, ಸರಕ್ಕನೆ ತನ್ನ ಕಮಾನಿಗೆ ಬಂತು. ಅಗ್ಗದ್ದರಲ್ಲಿ ಒಂದು ಸ್ವಲ್ಪ ಮೆದುವಾಯಿತು, ಅದೇ ಪ್ಯಾಕೆಟ್ಟಿನ ಇನ್ನೊಂದು ಜಪ್ಪಯ್ಯ ಅನ್ನಲಿಲ್ಲ. ನನಗೆ ಸಿಟ್ಟು ಬಂದಿದ್ದು ಇದಕ್ಕೇ.

40 ಡಿಗ್ರಿಯದ್ದನ್ನೂ ಹಾಕಿ ನೋಡಿದ್ದೇನೆ. ನೋವು ತಡೆಯದವರಿಗೆ ಒಳ್ಳೆಯದು. ಆದರೆ ಬಿಸಿ ಕಾಫಿ ಕುಡಿದಾಗ ಮಾತ್ರ ಏಳುವ ವೈರು ನನ್ನ ಆತುರಕ್ಕೆ ಆಗಿಬರಲ್ಲ.

ತಾಮ್ರದ್ದಕ್ಕೂ ಒಂದು ಕಾಟ ಇದೆ. ಹಿಂದಿನ ತುದಿ ಕೆನ್ನೆಗೆ ಚುಚ್ಚದ ಹಾಗೆ ಮಡಚಬೇಕೆಂದರೆ ಮೊದಲು ಬೆಂಕಿಗೆ ಹಿಡಿದು ಕೆಂಪಗೆ ಕಾಯಿಸಬೇಕು. ಅಗ್ಗದ್ದಕ್ಕೂ ಅದೇ ಪಾಡು ಬಿಡಿ.

ಬೆಳಿಗ್ಗೆ ಕಾಲೇಜು, ಸಂಜೆ ಮೂರೇ ಗಂಟೆ ಕ್ಲಿನಿಕ್ಕು. ಕಿತ್ತ ಬ್ರಾಕೆಟ್ ಅಂಟಿಸುತ್ತಾ ಕೂತರೆ ಹೊರಗೆ ಬೆಂಚಿನಲ್ಲಿ ಕೂತವರು ಗಡಿಯಾರ ನೋಡುತ್ತಾರೆ. ಅದಕ್ಕೇ ತುಂಬಾ ವಕ್ರ ಇರುವ ಹಲ್ಲಿಗೆ ತಾಮ್ರದ್ದೇ. ಅಗ್ಗದ ಡಬ್ಬಿ ಇನ್ನೂ ಅರ್ಧ ಉಳಿದಿದೆ, ಅಲ್ಪಸ್ವಲ್ಪ ಸೊಟ್ಟ ಇರುವವರಿಗೆ ಹಾಕಿ ಖರ್ಚು ಮಾಡುತ್ತಿದ್ದೇನೆ.