ಒಂದೇ ಡಬ್ಬಿ, ನಾಲ್ಕು ಪ್ರಿಆಂಪ್: ಬಿಸಿ549, ಜೆಫೆಟ್, ಮಾಸ್‌ಫೆಟ್, ಟಿಎಲ್072

ಮನೆಯಲ್ಲಿ ಗಿಟಾರ್ ಪ್ರಿಆಂಪ್ (ಆಂಪ್‌ಗೆ ಹೋಗುವ ಮುಂಚೆ ಸಿಗ್ನಲ್ ಏರಿಸುವ ಸರ್ಕ್ಯೂಟ್) ಕಟ್ಟಿದವರೆಲ್ಲ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು: ಗೇನ್ (ಸಿಗ್ನಲ್ ಏರುವ ಪ್ರಮಾಣ) ಇನ್ನೂ ಸ್ವಲ್ಪ ಬೇಕು, ಯಾವ ಪಾರ್ಟ್ ಬದಲಾಯಿಸಲಿ? ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಗೇನ್ ಮುಟ್ಟುವ ಮುಂಚೆ ಇನ್‌ಪುಟ್ ಸರಿ ಮಾಡಿಕೊಳ್ಳಿ. ಟೋನ್ ಕೆಡುವುದು ಬಹುಪಾಲು ಅಲ್ಲೇ.

ಹೋಲಿಸಿ ನೋಡಲು ಇಟ್ಟುಕೊಂಡಿದ್ದು ಸಿಂಗಲ್ ಕಾಯಿಲ್ ಪಿಕಪ್ ಇರುವ ಒಂದು ಗಿಟಾರ್, ಆರು ಮೀಟರ್ ಕೇಬಲ್, ಕ್ಲೀನ್ ಸೆಟ್ಟಿಂಗ್‌ನಲ್ಲಿಟ್ಟ ಒಂದು ಆಂಪ್. ಪ್ರತಿ ಸರ್ಕ್ಯೂಟನ್ನೂ ಬ್ರೆಡ್‌ಬೋರ್ಡ್ ಮೇಲೆ ಕೂರಿಸಿ, ಹೊರಗೆ ಬರುವ ಜೋರು ಒಂದೇ ಮಟ್ಟಕ್ಕೆ ತಂದುಕೊಂಡು ಕೇಳಿದೆ. ಇದನ್ನು ಬಿಟ್ಟರೆ ಹೋಲಿಕೆಗೆ ಬೆಲೆಯೇ ಇಲ್ಲ, ಯಾಕೆಂದರೆ ಎರಡರಲ್ಲಿ ಯಾವುದು ಚೂರು ಜೋರಾಗಿದೆಯೋ ಅದೇ ಚೆನ್ನಾಗಿದೆ ಅಂತ ಕಿವಿ ಒಪ್ಪಿಕೊಂಡುಬಿಡುತ್ತದೆ.

ಶುರುವಾಗಿದ್ದು ಎಲ್‌ಪಿಬಿ-1 ಅನ್ನುವ ಗಿಟಾರ್ ಬೂಸ್ಟರ್‌ನಿಂದ. ಮೈಕ್ ಮ್ಯಾಥ್ಯೂಸ್ 1968ರಲ್ಲಿ ನ್ಯೂಯಾರ್ಕಿನಲ್ಲಿ ಕಟ್ಟಿದ ಎಲೆಕ್ಟ್ರೋ-ಹಾರ್ಮೋನಿಕ್ಸ್ ಕಂಪನಿಯ ಮೊದಮೊದಲ ಸರ್ಕ್ಯೂಟುಗಳಲ್ಲಿ ಅದೂ ಒಂದು. ಒಂದು ಟ್ರಾನ್ಸಿಸ್ಟರ್, ಬೇಸ್‌ಗೆ 430ಕೆ ಮತ್ತು 43ಕೆ ರೆಸಿಸ್ಟರ್ (ಕೆ ಅಂದರೆ ಕಿಲೋ ಓಮ್), ಕಲೆಕ್ಟರ್‌ಗೆ 10ಕೆ, ಎಮಿಟರ್‌ಗೆ 390 ಓಮ್, ಎರಡು 0.1 ಮೈಕ್ರೋಫ್ಯಾರಡ್ ಕೆಪಾಸಿಟರ್, 100ಕೆ ಪಾಟ್. ಅಷ್ಟೇ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಒಂದೇ ಅಂಗಡಿಯಲ್ಲಿ ನಿಂತು ಎಲ್ಲವನ್ನೂ ಚಿಲ್ಲರೆ ಕಾಸಿಗೆ ತರಬಹುದು. ಟ್ರಾನ್ಸಿಸ್ಟರ್ ನಾನು ಹಾಕಿದ್ದು ಬಿಸಿ549ಸಿ. ಅಮೆರಿಕದ ಸ್ಕೀಮ್ಯಾಟಿಕ್‌ಗಳಲ್ಲಿ 2ಎನ್5088 ಅಂತ ಬರೆದಿರುತ್ತಾರೆ, ಅದರ ಕಾಲುಗಳು ಇದಕ್ಕೆ ತಿರುವುಮುರುವು. ಚಪ್ಪಟೆ ಮುಖ ನಮ್ಮ ಕಡೆ ಇಟ್ಟರೆ ಬಿಸಿ549ರಲ್ಲಿ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಅದರಲ್ಲಿ ಎಮಿಟರ್, ಬೇಸ್, ಕಲೆಕ್ಟರ್. ಬೋರ್ಡ್ ಲೇಔಟ್ ನೋಡಿಕೊಂಡು ಕಟ್ಟುವವರು ಇದನ್ನು ಗಮನದಲ್ಲಿಟ್ಟುಕೊಳ್ಳಿ.

ಈ ಸರ್ಕ್ಯೂಟ್ ಸಿಗ್ನಲನ್ನು ಸುಮಾರು ಇಪ್ಪತ್ತು ಪಟ್ಟು ಏರಿಸುತ್ತದೆ, ಅಂದರೆ 26 ಡೆಸಿಬಲ್ ಹತ್ತಿರ. ಗೇನ್‌ಗೆ ಕೊರತೆ ಎಲ್ಲಿದೆ ಹೇಳಿ! ದನಿ ದಪ್ಪ, ನಡುಭಾಗ ತುಂಬಿಕೊಂಡಿರುತ್ತದೆ, ಜೋರಾಗಿ ಮೀಟಿದರೆ ಒರಟು. ಆದರೆ ಪೆಡಲ್ ಆನ್ ಮಾಡಿದ ಕೂಡಲೇ ತೆಳು ತಂತಿಗಳ ಮಿಂಚು ಮಾಯ. ಬ್ರಿಡ್ಜ್ ಪಿಕಪ್‌ನಲ್ಲಿ ನುಡಿಸುತ್ತಿದ್ದರೂ ಟೋನ್ ನಾಬ್ ಅರ್ಧಕ್ಕೆ ಇಳಿಸಿದ ಹಾಗೆ ಕೇಳುತ್ತದೆ.

ಲೆಕ್ಕ ಹಾಕಿದರೆ ಕಾರಣ ಸಿಗುತ್ತದೆ. ಬೇಸ್‌ನಲ್ಲಿರುವ ಆ 43ಕೆ ಕಾರಣದಿಂದ ಇನ್‌ಪುಟ್ ಇಂಪೀಡೆನ್ಸ್ (ಸಿಗ್ನಲ್‌ಗೆ ಒಡ್ಡುವ ತಡೆ) 30–35 ಕಿಲೋ ಓಮ್‌ಗೆ ಇಳಿದಿರುತ್ತದೆ. ಸಿಂಗಲ್ ಕಾಯಿಲ್ ಪಿಕಪ್‌ನ ಇಂಡಕ್ಟೆನ್ಸ್ ಎರಡೂವರೆ ಹೆನ್ರಿ ಅಂತಿಟ್ಟುಕೊಂಡರೆ, 4,000 ಹರ್ಟ್ಸ್‌ನಲ್ಲಿ ಅದರ ಇಂಪೀಡೆನ್ಸೇ 60 ಕಿಲೋ ಓಮ್ ದಾಟುತ್ತದೆ. ದಪ್ಪ ಇ ತಂತಿಯ 82 ಹರ್ಟ್ಸ್‌ಗೆ ಅದು ಲೆಕ್ಕಕ್ಕೇ ಇಲ್ಲ, ಹಾಗಾಗಿ ಬಾಸ್ ಸಲೀಸಾಗಿ ಒಳಗೆ ಬರುತ್ತದೆ, ಟ್ರೆಬಲ್ ಅರ್ಧಕ್ಕಿಂತ ಹೆಚ್ಚು ಪಿಕಪ್ಪಿನಲ್ಲೇ ಉಳಿದುಹೋಗುತ್ತದೆ. ಒತ್ತಡ ಕಡಿಮೆ ಇರುವ ನಲ್ಲಿಗೆ ದೊಡ್ಡ ಪೈಪು ಜೋಡಿಸಿ ನೀರು ಬರಲಿಲ್ಲ ಅಂದ ಹಾಗೆ. ಹೀಗೆ ಒಳಗೆ ಬಾರದ ಟ್ರೆಬಲನ್ನು ಮುಂದೆ ಎಷ್ಟು ಗೇನ್ ಕೊಟ್ಟರೂ ಹುಟ್ಟಿಸಲಾಗುವುದಿಲ್ಲ.

ಆದರೂ ಎಲ್ಲರೂ ಮೊದಲು ಮಾಡುವ ಬದಲಾವಣೆ ಎಮಿಟರ್‌ಗೆ ಕೆಪಾಸಿಟರ್ ಹಾಕುವುದು. 390 ಓಮ್‌ಗೆ ಅಡ್ಡಲಾಗಿ 22 ಮೈಕ್ರೋಫ್ಯಾರಡ್ ಕೊಟ್ಟರೆ ಗೇನ್ ನೂರು ಪಟ್ಟನ್ನೂ ಮೀರುತ್ತದೆ. ಮೀರಿ ಏನು ಪ್ರಯೋಜನ? 9 ವೋಲ್ಟ್‌ನಲ್ಲಿ ಅಷ್ಟಕ್ಕೆ ಜಾಗವೇ ಇಲ್ಲ. ಸ್ವರ ಎರಡೂ ಕಡೆ ಕತ್ತರಿಸಿಕೊಂಡು ಚರಚರ ಅನ್ನುತ್ತದೆ, ಸುಮ್ಮನಿದ್ದಾಗ ಸುಯ್ ಶಬ್ದ ಏಳುತ್ತದೆ, ಎರಡು ತಂತಿ ಒಟ್ಟಿಗೆ ಮೀಟಿದರೆ ಕಲಸುಮೇಲೋಗರ. ಇದಕ್ಕೇನಾದರೂ ಬೆಲೆ ಬರಬೇಕಾದರೆ ಕೆಪಾಸಿಟರ್ ಜೊತೆ ಸೀರೀಸ್‌ನಲ್ಲಿ 100 ಓಮ್ ಇಡಬೇಕು. ಆಗ ಗೇನ್ ಎಪ್ಪತ್ತು ಪಟ್ಟಿನ ಆಸುಪಾಸಿಗೆ ಬಂದು ನಿಲ್ಲುತ್ತದೆ, ಒರಟುತನಕ್ಕೂ ಒಂದು ಹದ ಬರುತ್ತದೆ.

ಇದಕ್ಕಿಂತ ನನಗೆ ಹಿಡಿಸಿದ್ದು ಎರಡು ಸಣ್ಣ ಕೆಲಸ. 430ಕೆ ಜಾಗಕ್ಕೆ 910ಕೆ, 43ಕೆ ಜಾಗಕ್ಕೆ 100ಕೆ ಹಾಕಿದರೆ ಬಯಾಸ್ (ಸಿಗ್ನಲ್ ಇಲ್ಲದಾಗ ಟ್ರಾನ್ಸಿಸ್ಟರ್ ನಿಲ್ಲುವ ಮಟ್ಟ) ಹೆಚ್ಚೇನೂ ಅಲುಗಾಡದೆ ಇನ್‌ಪುಟ್ ಇಂಪೀಡೆನ್ಸ್ ಎರಡರಷ್ಟಾಗುತ್ತದೆ. ಇದಕ್ಕೆ ಬಿಸಿ549ಸಿಯಂಥ, ಕರೆಂಟ್ ಗೇನ್ ಹೆಚ್ಚಿರುವ ಸಿ ಗುಂಪಿನ ಟ್ರಾನ್ಸಿಸ್ಟರೇ ಬೇಕು, ಎ ಗುಂಪಿನದಕ್ಕೆ ಬೇಸ್ ಕರೆಂಟ್ ಜಾಸ್ತಿ ಬೇಕಾಗಿ ಬಯಾಸ್ ಜಾರುತ್ತದೆ. ಇನ್ನೊಂದು, ಇನ್‌ಪುಟ್ ಕೆಪಾಸಿಟರ್ 0.1ರಿಂದ 0.022ಕ್ಕೆ ಇಳಿಸುವುದು. ಬಾಸ್‌ನ ಕೆಸರು ಹೋಗಿ, ಮುಂದಿರುವ ಡಿಸ್ಟಾರ್ಷನ್ ಪೆಡಲ್ ಅಥವಾ ಆಂಪ್ ಬಿಗಿಯಾಗಿ ಮಾತಾಡುತ್ತದೆ. ಇನ್ನೊಂದು ಪೆಡಲನ್ನು ತಳ್ಳುವುದಕ್ಕಷ್ಟೇ ಪ್ರಿಆಂಪ್ ಬೇಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು.

ಈಗ ಜೆಫೆಟ್, ಗೇಟ್, ಸೋರ್ಸ್, ಡ್ರೈನ್ ಅನ್ನುವ ಮೂರು ಕಾಲಿನ ಇನ್ನೊಂದು ಬಗೆಯ ಟ್ರಾನ್ಸಿಸ್ಟರ್. ಗೇಟ್‌ನಿಂದ ಗ್ರೌಂಡ್‌ಗೆ 1 ಮೆಗ್ ಓಮ್, ಹಾಗಾಗಿ ಪಿಕಪ್ ಮೇಲೆ ಭಾರವೇ ಬೀಳುವುದಿಲ್ಲ. ಜೆ201ಕ್ಕೆ ಸೋರ್ಸ್‌ನಲ್ಲಿ 2.2ಕೆ, ಡ್ರೈನ್‌ನಲ್ಲಿ 50ಕೆ ಟ್ರಿಮ್‌ಪಾಟ್. ಡ್ರೈನ್ ಮೇಲೆ ಮಲ್ಟಿಮೀಟರ್ ಇಟ್ಟು, ಸಣ್ಣ ಸ್ಕ್ರೂಡ್ರೈವರ್‌ನಿಂದ ಟ್ರಿಮ್‌ಪಾಟನ್ನು ನಿಧಾನಕ್ಕೆ ತಿರುಗಿಸುತ್ತಾ ಒಂದು ಕಾರ್ಡ್ ಬಾರಿಸಿ ಬಿಟ್ಟು ಕೇಳಬೇಕು. 7 ವೋಲ್ಟ್‌ನಲ್ಲಿ ಸ್ವರ ತೆಳ್ಳಗಿದ್ದು, ಜೋರಾಗಿ ಮೀಟಿದಾಗ ಒಡೆಯುತ್ತದೆ. 5ರ ಕೆಳಗೆ ಬರುತ್ತಿದ್ದ ಹಾಗೆ ಮೈ ತುಂಬುತ್ತದೆ. 4.5ರ ಸುತ್ತಮುತ್ತ ಕಾರ್ಡ್ ಆರುವ ತನಕ ತಂತಿ ತಂತಿಯೂ ಬೇರೆಬೇರೆಯಾಗಿ ಕೇಳಿಸುತ್ತದೆ. 2 ವೋಲ್ಟ್‌ಗೆ ಇಳಿಸಿದರೆ ಉಸಿರು ಕಟ್ಟುತ್ತದೆ. ಮೀಟರ್ ದಾರಿ ತೋರಿಸುತ್ತದೆ, ಕೊನೆಯ ಕಾಲು ಸುತ್ತು ಕಿವಿಗೆ ಬಿಟ್ಟಿದ್ದು.

ಸೋರ್ಸ್‌ಗೆ ಬೈಪಾಸ್ ಕೆಪಾಸಿಟರ್ ಇದ್ದರೆ ಗೇನ್ ಹದಿನೈದು ಪಟ್ಟಿನ ಹತ್ತಿರ, ಇಲ್ಲದಿದ್ದರೆ ಆರು ಪಟ್ಟು. ಬಿಸಿ549ಕ್ಕಿಂತ ಕಡಿಮೆಯೇ. ಆದರೆ ಮೆಲ್ಲಗೆ ಮೀಟಿದರೆ ಮೆಲ್ಲಗೆ, ಒತ್ತಿ ಮೀಟಿದರೆ ಅಂಚಿನಲ್ಲಷ್ಟೇ ಸ್ವಲ್ಪ ಕಾವು. ಬೆರಳಿನ ಮಾತು ಕೇಳುವ ಸರ್ಕ್ಯೂಟ್ ಇದು.

ತೊಂದರೆ ಇರುವುದು ಪಾರ್ಟ್ ಸಿಗುವುದರಲ್ಲಿ. ಕಾಲಿರುವ ಜೆ201ರ ತಯಾರಿಕೆ ಹೆಚ್ಚುಕಡಿಮೆ ನಿಂತಿದೆ, ಮೇಲೆ ಹೆಸರು ಅಚ್ಚು ಹಾಕಿದ ನಕಲಿ ಮಾಲು ಬೇಕಾದಷ್ಟಿದೆ. ಗೇಟ್ ಮತ್ತು ಸೋರ್ಸ್ ಒಟ್ಟಿಗೆ ಗ್ರೌಂಡ್‌ಗೆ ಕೊಟ್ಟು, ಡ್ರೈನ್‌ಗೆ 9 ವೋಲ್ಟ್ ಕೊಟ್ಟು ಕರೆಂಟ್ ಅಳೆಯಿರಿ. ಅಸಲಿಯಾದರೆ 0.2ರಿಂದ 1 ಮಿಲಿಆಂಪ್ ಒಳಗೆ ಇರಬೇಕು. 5 ಮಿಲಿಆಂಪ್ ತೋರಿಸಿದರೆ ಅದು ಜೆ201 ಅಲ್ಲವೇ ಅಲ್ಲ.

ನಮ್ಮಲ್ಲಿ ಸುಲಭಕ್ಕೆ ಸಿಗುವ ಜೆಫೆಟ್ ಅಂದರೆ ಬಿಎಫ್‌ಡಬ್ಲ್ಯು10. ಎಂಜಿನಿಯರಿಂಗ್ ಕಾಲೇಜಿನ ಲ್ಯಾಬ್‌ನಲ್ಲಿ ಎಫ್‌ಇಟಿ ಕ್ಯಾರೆಕ್ಟರಿಸ್ಟಿಕ್ಸ್ ಬರೆದವರಿಗೆ ಆ ನಾಲ್ಕು ಕಾಲಿನ ಲೋಹದ ಟೋಪಿ ಗುರುತಿರುತ್ತದೆ. ನಾಲ್ಕನೇ ಕಾಲು ಹೊರಕವಚದ್ದು, ಅದನ್ನು ಗ್ರೌಂಡ್‌ಗೆ ಕೊಡಿ. ಗೇನ್ ಸ್ಟೇಜ್ ಆಗಿ ಇದು 9 ವೋಲ್ಟ್‌ನಲ್ಲಿ ನಾಲ್ಕು ಪಟ್ಟು ಕೊಟ್ಟರೆ ದೊಡ್ಡದು. ಗೇನ್ ಕೊಡದೆ ಪಿಕಪ್ ಮೇಲಿನ ಭಾರವನ್ನಷ್ಟೇ ತಪ್ಪಿಸುವ ಬಫರ್ ಆಗಿ ಮಾತ್ರ ಬಂಗಾರ. ಗೇಟ್‌ಗೆ 1 ಮೆಗ್, ಡ್ರೈನ್ ನೇರ 9 ವೋಲ್ಟ್‌ಗೆ, ಸೋರ್ಸ್‌ನಿಂದ ಗ್ರೌಂಡ್‌ಗೆ 10ಕೆ, ಸಿಗ್ನಲ್ ತೆಗೆಯುವುದು ಸೋರ್ಸ್‌ನಿಂದ. ಸೋರ್ಸ್‌ನಲ್ಲಿ 3–4 ವೋಲ್ಟ್ ಬಂದರೆ ಸರಿ, 6 ದಾಟಿದರೆ ಬೇರೆ ಪೀಸ್ ಹಾಕಿ ನೋಡಿ.

ಬಿಎಸ್170 ಮಾಸ್‌ಫೆಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗೇನ್ ಧಾರಾಳ, ಟ್ರೆಬಲ್ ಹೊಳಪು ಎದ್ದು ಕಾಣುತ್ತದೆ. ನನ್ನ ಕಿವಿಗೆ ಸ್ವಲ್ಪ ಗಾಜಿನಂಥ ದನಿ. ಬೆರಳಿನ ಸ್ಟ್ಯಾಟಿಕ್‌ಗೇ ಗೇಟ್ ಸುಟ್ಟುಹೋಗಬಹುದು, 9.1 ವೋಲ್ಟ್ ಜೀನರ್ ಡಯೋಡ್ ಕಾವಲು ಇಲ್ಲದೆ ಕಟ್ಟಬೇಡಿ.

ಟಿಎಲ್072 ಇದಕ್ಕೆಲ್ಲ ಹೊರತಾದ ಜಾತಿ, ಆಪ್-ಆಂಪ್ ಐಸಿ. ಎರಡು 10ಕೆ ಇಟ್ಟು ಅರ್ಧ ವೋಲ್ಟೇಜ್ ಮಾಡಿಕೊಂಡರೆ, ಉಳಿದ ಗೇನ್ ಎರಡು ರೆಸಿಸ್ಟರ್‌ಗಳ ಲೆಕ್ಕ. 100ಕೆ ಪಾಟ್, 1ಕೆ ಅಂದರೆ ಒಂದರಿಂದ 101 ಪಟ್ಟು, ಯಾವ ಪೀಸ್ ಹಾಕಿದರೂ ಅಷ್ಟೇ. ಒಳಗೆ ಬಂದದ್ದೇ ದೊಡ್ಡದಾಗಿ ಹೊರಗೆ. ಅದರ ಗುಣವೂ ಅದೇ, ನನ್ನ ತಕರಾರೂ ಅದೇ. ಮಿತಿ ಮುಟ್ಟುವ ತನಕ ಏನೂ ಆಗುವುದಿಲ್ಲ, ಮುಟ್ಟಿದ ತಕ್ಷಣ ಗೋಡೆಗೆ ಹೊಡೆದಂತೆ ಕತ್ತರಿಸುತ್ತದೆ. ಗಣೇಶೋತ್ಸವದ ಆರ್ಕೆಸ್ಟ್ರಾದಲ್ಲಿ ಪೀಜೋ ಪಿಕಪ್ ಇರುವ ಸೆಮಿ ಅಕೌಸ್ಟಿಕ್ ನುಡಿಸುವವರು ಕೇಳಿದರೆ ಕಣ್ಣುಮುಚ್ಚಿ ಇದನ್ನೇ ಹೇಳುತ್ತೇನೆ. ಇನ್‌ಪುಟ್ ರೆಸಿಸ್ಟರ್ ಮಾತ್ರ 1 ಮೆಗ್ ಬದಲು 4.7 ಮೆಗ್ ಇರಲಿ, ಪೀಜೋದ ಬಾಸ್ ಉಳಿಯುತ್ತದೆ. 18 ವೋಲ್ಟ್ ಕೊಟ್ಟರೆ ಇನ್ನೂ ಒಳ್ಳೆಯದು, ಆದರೆ ಸಪ್ಲೈ ಮೇಲಿನ 16 ವೋಲ್ಟ್ ಕೆಪಾಸಿಟರ್‌ಗಳನ್ನು ಮೊದಲು 25 ವೋಲ್ಟ್‌ನವಕ್ಕೆ ಬದಲಾಯಿಸಿ.

ಅಡಾಪ್ಟರ್‌ನಿಂದ ಬರುವ ಗುಂಯ್ ಶಬ್ದಕ್ಕೆ ನಾಲ್ಕಕ್ಕೂ ಒಂದೇ ಮದ್ದು: ಸಪ್ಲೈ ಲೈನಿನಲ್ಲಿ 100 ಓಮ್, ಅದರ ಮುಂದೆ ಗ್ರೌಂಡ್‌ಗೆ 100 ಮೈಕ್ರೋಫ್ಯಾರಡ್. ಡಬ್ಬಿ ಲೋಹದ್ದೇ ಇರಬೇಕು, ಅದಕ್ಕೆ ಗ್ರೌಂಡ್ ತಾಗಿರಬೇಕು.

ಕೊನೆಗೆ ಬೋರ್ಡಿಗೆ ಬೆಸುಗೆ ಹಾಕಿದ್ದು ಈ ನಾಲ್ಕರಲ್ಲಿ ಒಂದನ್ನಲ್ಲ. ಮೊದಲು ಬಿಎಫ್‌ಡಬ್ಲ್ಯು10 ಬಫರ್, ಅದಾದ ಮೇಲೆ ಹಳೆಯ ಬಿಸಿ549ಸಿ ಸ್ಟೇಜ್, ಮೂಲದ 430ಕೆ ಮತ್ತು 43ಕೆ ಜೊತೆಗೇ. ಬಫರ್‌ನ ಔಟ್‌ಪುಟ್ ಇಂಪೀಡೆನ್ಸ್ ಒಂದು ಕಿಲೋ ಓಮ್ ಆಸುಪಾಸು ಇರುವುದರಿಂದ ಟ್ರಾನ್ಸಿಸ್ಟರ್‌ನ 33 ಕಿಲೋ ಓಮ್ ಈಗ ಅದಕ್ಕೆ ಹೊರೆಯೇ ಅಲ್ಲ. ಟ್ರೆಬಲ್ ವಾಪಸ್ ಬಂತು, ಆ ದಪ್ಪ ನಡುದನಿಯೂ ಉಳಿಯಿತು. ನಡುವೆ 0.1 ಮತ್ತು 0.022ಕ್ಕೆ ಒಂದು ಟಾಗಲ್ ಸ್ವಿಚ್, ಎಮಿಟರ್‌ನ 100 ಓಮ್ ಮತ್ತು ಕೆಪಾಸಿಟರ್‌ಗೆ ಇನ್ನೊಂದು. ಎರಡನೆಯದನ್ನು ನಾನು ಆನ್ ಮಾಡುವುದು ಸೋಲೋ ಬಂದಾಗ ಮಾತ್ರ.