ಒಂದೇ ಪೀಸ್ ಲಿಲಿ, ಮೂರು ಬಗೆಯ ಮಣ್ಣು

ನಮ್ಮ ಬೆಂಗಳೂರಿನ ಮನೆಯ ಹಾಲ್‌ನಲ್ಲಿದ್ದ ಪೀಸ್ ಲಿಲಿ ಕುಂಡದ ತುಂಬ ಮರಿ ಹಾಕಿತ್ತು. ತಳದ ತೂತಿನಿಂದ ಬೇರು ಹೊರಗೆ ಇಣುಕುತ್ತಿತ್ತು. ಜೂನ್ ಕೊನೆಗೆ ಗಿಡ ಕಿತ್ತು ಮೂರು ಪಾಲು ಮಾಡಿದೆ. ಮಣ್ಣು ಯಾವುದು ಹಾಕಬೇಕು ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳಿದ್ದರು. ಹಾಗಾಗಿ ಮೂರನ್ನೂ ಬೇರೆ ಬೇರೆ ಮಿಶ್ರಣದಲ್ಲಿ ನೆಟ್ಟು, ಪಶ್ಚಿಮದ ಕಿಟಕಿ ಹತ್ತಿರ ಸಾಲಾಗಿ ಇಟ್ಟೆ.

ಒಂದಕ್ಕೆ ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ. ಇನ್ನೊಂದಕ್ಕೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ. ಮೂರನೆಯದಕ್ಕೆ ತೆಂಗಿನ ಸಿಪ್ಪೆಯ ತುಂಡು, ಪರ್ಲೈಟ್ (ಮಣ್ಣು ಸಡಿಲವಾಗಿರಲು ಹಾಕುವ ಹಗುರವಾದ ಬಿಳಿ ಹರಳು), ಇದ್ದಿಲಿನ ಚೂರು, ಒಂದು ಹಿಡಿ ಎರೆಗೊಬ್ಬರ.

ಮೊದಲ ಮೂರು ನಾಲ್ಕು ದಿನ ಮೂರೂ ಸೊರಗಿದವು. ಇದಕ್ಕೆ ಗಾಬರಿ ಬೇಡ. ಬೇರು ಬಿಡಿಸುವಾಗ ಕೂದಲಿನಂಥ ಸಣ್ಣ ಬೇರುಗಳು ಹರಿದುಹೋಗುತ್ತವೆ. ನೀರು ಎಳೆಯುವುದು ಹೆಚ್ಚಾಗಿ ಅವೇ.

ನಿಜವಾದ ವ್ಯತ್ಯಾಸ ಕಂಡಿದ್ದು ಎರಡನೇ ವಾರ. ಕೆಮ್ಮಣ್ಣಿನ ಗಿಡದಲ್ಲೂ ಕೋಕೋಪೀಟ್ ಗಿಡದಲ್ಲೂ ಎಲೆ ಕಂದು ಬಣ್ಣಕ್ಕೆ ತಿರುಗಿತು. ದೂರದಿಂದ ನೋಡಿದರೆ ಎರಡೂ ಒಂದೇ ಕಾಯಿಲೆ ಅನಿಸುತ್ತದೆ. ಮುಟ್ಟಿ ನೋಡಿದರೆ ಬೇರೆ ಬೇರೆ. ಕೋಕೋಪೀಟ್ ಗಿಡದಲ್ಲಿ ಎಲೆಯ ತುದಿ ಮಾತ್ರ ಒಣಗಿ ಗರಿಗರಿಯಾಗಿತ್ತು, ಹೊಸ ಎಲೆಯ ತುದಿಯೂ ಹಾಗೇ ಆಗಿತ್ತು. ಕೆಮ್ಮಣ್ಣಿನದರಲ್ಲಿ ಕೆಳಗಿನ ಹಳೆ ಎಲೆಗಳು ಮೊದಲು ಹಳದಿಯಾದವು. ಆಮೇಲೆ ಅಂಚಿನಲ್ಲಿ ಮೆತ್ತಗಿನ ಕಪ್ಪು ಕಲೆ. ಮಣ್ಣು ಒದ್ದೆ ಇದ್ದರೂ ಗಿಡ ನೀರಿಲ್ಲದ ಹಾಗೆ ಜೋತುಬಿದ್ದಿತ್ತು.

ಒದ್ದೆ ಮಣ್ಣಿನಲ್ಲಿ ಜೋತುಬೀಳುವುದೇ ದೊಡ್ಡ ಸುಳಿವು. ಬಾಯಾರಿದ ಪೀಸ್ ಲಿಲಿ ನೀರು ಹಾಕಿದ ಕೆಲವೇ ಗಂಟೆಯಲ್ಲಿ ಎದ್ದು ನಿಲ್ಲುತ್ತದೆ. ಇದು ಏಳಲಿಲ್ಲ. ಕುಂಡ ಮಗುಚಿ ನೋಡಿದೆ. ಕೊಳೆತ ವಾಸನೆ. ಬೇರು ಹಿಡಿದು ಎಳೆದರೆ ಸಿಪ್ಪೆ ಜಾರಿ ಬಂದು ನಡುವಿನ ದಾರ ಮಾತ್ರ ಉಳಿಯಿತು. ಒಳ್ಳೆಯ ಬೇರು ಬೆಳ್ಳಗೆ, ಗಟ್ಟಿಯಾಗಿ ಇರುತ್ತದೆ.

ನಾನು ತಪ್ಪಿದ್ದು ಇಲ್ಲೇ. ಪೀಸ್ ಲಿಲಿ ನಮ್ಮ ಕೆಸುವಿನ ಕುಟುಂಬದ್ದೇ. ಅಮ್ಮನ ಮನೆಯಲ್ಲಿ ಬಚ್ಚಲ ನೀರು ಹೋಗುವ ಜಾಗದಲ್ಲಿ ಪತ್ರೊಡೆಗೆ ಬೇಕಾದಷ್ಟು ಕೆಸು ಬೆಳೆಯುತ್ತದೆ. ಇದಕ್ಕೂ ನೀರು ಎಷ್ಟಾದರೂ ಸರಿ ಅಂದುಕೊಂಡೆ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಮಳೆಕಾಡುಗಳಲ್ಲಿ ಇದು ತೊರೆಯ ಬದಿಯಲ್ಲಿ ಬೆಳೆಯುವುದು ನಿಜ. ಆದರೆ ಅಲ್ಲಿನ ಎಲೆಗೊಬ್ಬರದ ನೆಲ ಸಡಿಲ. ಕುಂಡದೊಳಗಿನ ಕೆಮ್ಮಣ್ಣು ಮಳೆಗಾಲದಲ್ಲಿ ಒಣಗುವುದೇ ಇಲ್ಲ, ಗಟ್ಟಿಯಾಗಿ ಕೂತುಬಿಡುತ್ತದೆ. ಬೇರಿಗೆ ಗಾಳಿ ಬೇಕು, ಅಲ್ವಾ?

ಕೋಕೋಪೀಟ್ ಗಿಡದ ಬೇರು ಚೆನ್ನಾಗಿಯೇ ಇತ್ತು. ತೊಂದರೆ ಇದ್ದದ್ದು ಉಪ್ಪಿನಲ್ಲಿ. ತೆಂಗಿನ ನಾರಿನ ಪುಡಿಯಲ್ಲಿ ಸೋಡಿಯಂ, ಪೊಟ್ಯಾಶಿಯಂ ಲವಣಗಳು ಇರುತ್ತವೆ. ಇಟ್ಟಿಗೆಯಂತೆ ಒತ್ತಿ ಮಾರುವ ಕೋಕೋಪೀಟನ್ನು ನಾನು ಒಂದೇ ಸಲ ನೆನೆಸಿ, ತೊಳೆಯದೆ ಹಾಗೇ ಬಳಸಿದ್ದೆ. ಜೊತೆಗೆ ಹಾಕುತ್ತಿದ್ದದ್ದು ಗಡಸು ಬೋರ್‌ವೆಲ್ ನೀರು. ಆಮೇಲೆ ಕುಂಡವನ್ನು ಬಚ್ಚಲಲ್ಲಿಟ್ಟು, ಕುಂಡದ ಗಾತ್ರದ ಮೂರು ಪಟ್ಟು ಕಾವೇರಿ ನೀರು ನಿಧಾನಕ್ಕೆ ಸುರಿದು ಬಸಿಯಲು ಬಿಟ್ಟೆ. ಹದಿನೈದು ದಿನ ಬಿಟ್ಟು ಇನ್ನೊಮ್ಮೆ. ಅದಾದ ಮೇಲೆ ಬಂದ ಎರಡು ಎಲೆಗಳ ತುದಿ ಹಸಿರಾಗಿಯೇ ಇದೆ. ಹಳೆ ಎಲೆಯ ಒಣಗಿದ ತುದಿ ಮತ್ತೆ ಹಸಿರಾಗುವುದಿಲ್ಲ. ಅದನ್ನು ನೋಡಿ ಗಿಡ ಇನ್ನೂ ಸುಧಾರಿಸಿಲ್ಲ ಅಂತ ಸುಮ್ನೆ ಗೊಬ್ಬರ ಸುರಿಯಬೇಡಿ. ಉಪ್ಪು ಇನ್ನೂ ಜಾಸ್ತಿಯಾಗುತ್ತದೆ.

ಸಿಪ್ಪೆ ತುಂಡಿನ ಗಿಡಕ್ಕೂ ಒಂದು ಕಲೆ ಬಂತು. ಒಂದೇ ಎಲೆ, ಕಿಟಕಿ ಕಡೆಗಿದ್ದ ಮೈ ಮಾತ್ರ, ಕಾಗದದಂತೆ ಬಿಳಿಚಿಕೊಂಡಿತ್ತು. ಮೋಡ ಸರಿದ ದಿನ ಸಂಜೆ ಬಿಸಿಲು ನೇರ ಬಿದ್ದು ಸುಟ್ಟದ್ದು. ಮಣ್ಣಿಗೂ ಇದಕ್ಕೂ ಸಂಬಂಧವಿಲ್ಲ. ಪರದೆ ಎಳೆದೆ, ಅಷ್ಟೇ.

ಬೇರಿನ ಮಟ್ಟಿಗೆ ಮೂರರಲ್ಲಿ ಸಿಪ್ಪೆ ಮಿಶ್ರಣವೇ ಮುಂದೆ. ಆದರೆ ಖರ್ಚು ಜಾಸ್ತಿ, ಬೇಗ ಒಣಗುತ್ತದೆ. ಕೋಕೋಪೀಟ್‌ಗೆ ವಾರಕ್ಕೊಮ್ಮೆ ನೀರು ಸಾಕಾಗುತ್ತಿತ್ತು, ಇದಕ್ಕೆ ಮೂರು ದಿನಕ್ಕೊಮ್ಮೆ ಬೇಕಾಯಿತು. ಒಂದು ವಾರ ಊರಿಗೆ ಹೋಗಿ ಬಂದಾಗ ಗಿಡ ಪೂರ್ತಿ ಮಲಗಿತ್ತು. ರಾತ್ರಿ ನೀರು ಹಾಕಿದೆ, ಬೆಳಗ್ಗೆ ಎದ್ದಿತ್ತು. ಆಗಾಗ ಊರಿಗೆ ಹೋಗುವವರಿಗೆ ಮೂರು ನೀರಿನಲ್ಲಿ ತೊಳೆದ ಕೋಕೋಪೀಟ್‌ಗೆ ಅಷ್ಟೇ ಪ್ರಮಾಣದ ಸಿಪ್ಪೆ ತುಂಡು ಬೆರೆಸಿದ್ದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಬರೀ ಕೆಮ್ಮಣ್ಣನ್ನು ಮನೆಯೊಳಗಿನ ಈ ಗಿಡಕ್ಕೆ ನಾನಂತೂ ಇನ್ನು ಹಾಕುವುದಿಲ್ಲ.

ಕೊಳೆತ ಗಿಡದ ಸತ್ತ ಬೇರನ್ನೆಲ್ಲ ಕತ್ತರಿಸಿದಾಗ ನಾಲ್ಕು ಬಿಳಿ ಬೇರು, ಮೂರು ಎಲೆ ಉಳಿದವು. ಐದು ಇಂಚಿನ ಚಿಕ್ಕ ಕುಂಡಕ್ಕೆ ಈ ಅರ್ಧರ್ಧ ಮಿಶ್ರಣ ತುಂಬಿ ನೆಟ್ಟಿದ್ದೇನೆ. ನಿನ್ನೆ ನಡುವಿನಿಂದ ಸುರುಳಿ ಸುತ್ತಿದ ಹೊಸ ಎಲೆಯೊಂದು ಹೊರಟಿದೆ.